ದೊಡ್ಡ ಟೈರಿಗೆ ತಕ್ಕ ಕ್ರೌನ್ ಪಿನಿಯನ್: ನನ್ನ ಜೀಪಿನ ಅನುಭವ

ಬೈಲಹೊಂಗಲ ಕಡೆ ಎರೆಮಣ್ಣಿನ ಹೊಲ ಇದ್ದವರಿಗೆ, ಮಳೆ ಬಿದ್ದ ಮೇಲೆ ಗಾಡಿ ಒಳಗೆ ಇಳಿಸೋದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ. ಮಣ್ಣು ಮೆತ್ತಿಕೊಂಡು ಟೈರ್ ನುಣ್ಣಗಾಗುತ್ತೆ, ಆಕ್ಸಲ್ ಹೌಸಿಂಗಿನ (ಎರಡು ಗಾಲಿಗಳ ನಡುವಿನ ಕಬ್ಬಿಣದ ಗೂಡಿನ) ಹೊಟ್ಟೆ ಕೆಸರಿಗೆ ತಾಗುತ್ತೆ, ಅಲ್ಲಿಗೆ ಗಾಡಿ ನಿಂತಿತು. ಸ್ಪ್ರಿಂಗ್ ಎತ್ತರಿಸಿದರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮೇಲೆ ಹೋಗುತ್ತೆ, ಹೌಸಿಂಗ್ ಇದ್ದಲ್ಲೇ ಇರುತ್ತೆ. ಅದನ್ನು ನೆಲದಿಂದ ಎತ್ತೋದು ಟೈರ್ ಮಾತ್ರ. ಆದರೆ ಟೈರ್ ದೊಡ್ಡದಾದರೆ ಕ್ರೌನ್ ಪಿನಿಯನ್, ಅಂದರೆ ಹೌಸಿಂಗ್ ಒಳಗೆ ಗಾಲಿಗಳನ್ನು ತಿರುಗಿಸುವ ಹಲ್ಲುಗಾಲಿ ಜೋಡಿ, ಅದಕ್ಕೆ ತಕ್ಕಂತೆ ಇರಬೇಕು.

ನನ್ನದು ಹಳೆ ಮಹೀಂದ್ರ ಡೀಸೆಲ್ ಜೀಪ್. 6.00-16 ಟೈರ್ ಬಿಚ್ಚಿ 7.50-16 ಹಾಕಿಸಿದೆ. ಮಿನಿ ಲಾರಿಗಳಿಗೆ ಹಾಕುವ ಸೈಜ್, ಬೆಳಗಾವಿಯಲ್ಲಿ ಸುಲಭವಾಗಿ ಸಿಗುತ್ತೆ. ಎತ್ತರಕ್ಕೆ ಹೋಲಿಸಿದರೆ ಅಗಲ ಜಾಸ್ತಿ ಇಲ್ಲದ್ದರಿಂದ ಮೇಲಿನ ಕೆಸರು ಸೀಳಿಕೊಂಡು ಕೆಳಗಿನ ಗಟ್ಟಿ ಪದರ ಹಿಡಿಯುತ್ತೆ. ಹೊಲದ ಕೆಲಸಕ್ಕೆ ಅಗಲ ಟೈರಿಗಿಂತ ಇದೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಆದರೆ ಜೀಪಿನ ಜೀವ ಹೋದಂತಾಯಿತು. ಟಾಪ್ ಗೇರಿನಲ್ಲಿ ಎಳೆಯುತ್ತಿದ್ದ ಏರಿಗೆ ಥರ್ಡ್ ಬೇಕಾಯಿತು. ಟ್ರೇಲರ್ ಕಟ್ಟಿ ಹೊರಡಿಸುವಾಗ ಕ್ಲಚ್ ಸುಟ್ಟ ವಾಸನೆ. ಕಾರಣ ಸರಳ. ಟೈರಿಗೆ ಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿ ಟೇಪ್ ಹಿಡಿದೆ. ಹಳೆ ಟೈರ್ ಒಂದು ಸುತ್ತಿಗೆ 2.20 ಮೀಟರ್ ಹೋಗುತ್ತಿತ್ತು, ಹೊಸದು 2.45. ಎಂಜಿನ್ ಅದೇ, ಗೇರ್ ಅದೇ, ಪ್ರತಿ ಸುತ್ತಿಗೆ ಹೋಗಬೇಕಾದ ದೂರ ಮಾತ್ರ ಜಾಸ್ತಿ. ಆ ಹೊರೆ ಎಲ್ಲಾ ಕ್ಲಚ್ ಮೇಲೆ ಬೀಳುತ್ತೆ.

ಇದಕ್ಕೆ ಪರಿಹಾರ ಕ್ರೌನ್ ಪಿನಿಯನ್ ಬದಲಿಸೋದು. ಮೊದಲು ಈಗಿರುವ ರೇಶಿಯೋ, ಅಂದರೆ ಗಾಲಿ ಒಂದು ಸುತ್ತು ತಿರುಗಲು ಪಿನಿಯನ್ ಎಷ್ಟು ಸುತ್ತಬೇಕು ಅನ್ನೋದು, ಗೊತ್ತಾಗಬೇಕು. ಹಳೆ ಜೀಪುಗಳು ಹಲವು ಕೈ ದಾಟಿ ಬಂದಿರುತ್ತವೆ, ಹೌಸಿಂಗ್ ಬದಲಾಗಿರಬಹುದು, ಯಾರ ಮಾತನ್ನೂ ನಂಬಬೇಡಿ. ಎರಡೂ ಹಿಂದಿನ ಗಾಲಿ ಜ್ಯಾಕ್ ಮೇಲೆ ಎತ್ತಿ, ಎರಡನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿ, ಆಕ್ಸಲ್ಲಿಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ನೋಡಿ. ನನ್ನದು ನಾಲ್ಕೂಕಾಲಿಗಿಂತ ಚೂರು ಜಾಸ್ತಿ. ಬಿಚ್ಚಿ ಹಲ್ಲು ಎಣಿಸಿದಾಗ ದೊಡ್ಡ ಹಲ್ಲುಗಾಲಿ ಕ್ರೌನ್ 47, ಚಿಕ್ಕದು ಪಿನಿಯನ್ 11, ಅಂದರೆ 4.27.

ಹಳೆ ಎಳೆತ ಮರಳಿ ಬರಲು ಎಷ್ಟು ಬೇಕು ಅಂತ ಲೆಕ್ಕ ಹಾಕಿದೆ. 4.27ನ್ನು 2.45ರಿಂದ ಗುಣಿಸಿ 2.20ರಿಂದ ಭಾಗಿಸಿದರೆ 4.76 ಬರುತ್ತೆ. ಅದಕ್ಕೆ ಹತ್ತಿರ ಸಿಗೋದು 39ಕ್ಕೆ 8, ಅಂದರೆ 4.88. ಅದಕ್ಕೂ ಮೇಲೆ 43ಕ್ಕೆ 8ರ 5.38 ಇದೆ, ಬರೀ ಹೊಲಕ್ಕಾದರೆ ಚೆನ್ನ. ಆದರೆ ನಾನು ಹುಬ್ಬಳ್ಳಿ ಹೈವೇಯಲ್ಲೂ ಓಡಾಡುತ್ತೇನೆ. 80ರ ವೇಗದಲ್ಲಿ 4.88ಗೆ ಎಂಜಿನ್ ನಿಮಿಷಕ್ಕೆ ಸುಮಾರು 2,650 ಸುತ್ತು ತಿರುಗಿದರೆ, 5.38ಗೆ 2,900 ದಾಟುತ್ತೆ. ಹಳೆ ಡೀಸೆಲ್ ಎಂಜಿನ್ನಿಗೆ ಆ ಶಿಕ್ಷೆ ಯಾಕೆ?

ಮುಂದಿನ ಆಕ್ಸಲ್ಲಿಗೂ ಅದೇ ರೇಶಿಯೋ ಬೇಕೇ ಬೇಕು. ಈ ಜೀಪುಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ಹಿಂದೆ ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಎರಡೂ ಒಂದನ್ನೊಂದು ಎಳೆದಾಡಿ ಏನಾದರೂ ಮುರಿಯುತ್ತೆ. ಖರ್ಚು ಎರಡು ಪಟ್ಟು, ಬೇರೆ ದಾರಿ ಇಲ್ಲ.

ಈಗ ಅಸಲಿ ಕೆಲಸ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ತಯಾರಾಗುತ್ತವೆ. ಎರಡರ ಮೇಲೂ ಒಂದೇ ಜೋಡಿ ನಂಬರ್ ಕೊರೆದಿರುತ್ತೆ, ನೋಡಿಯೇ ಕೊಳ್ಳಿ. ಪಿನಿಯನ್ ಎಷ್ಟು ಒಳಗೆ ಕೂರಬೇಕು ಅನ್ನೋದನ್ನು ಬೇರಿಂಗ್ ಕಪ್ (ಬೇರಿಂಗಿನ ಹೊರ ಬಳೆ) ಹಿಂದಿನ ಶಿಮ್, ಅಂದರೆ ತೆಳು ಲೋಹದ ಬಿಲ್ಲೆ, ತೀರ್ಮಾನಿಸುತ್ತೆ. ಪ್ರತಿ ಸಲ ಕಪ್ ಹೊಡೆದು ತೆಗೆದರೆ ಹೌಸಿಂಗ್ ಹಾಳು. ಅದಕ್ಕೆ ಅದೇ ಕಂಪನಿಯ ಇನ್ನೊಂದು ಕಪ್ ತಂದು, ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಹೊರಮೈ ಚೂರು ಗ್ರೈಂಡ್ ಮಾಡಿಸಿದೆ. ಕೈಯಲ್ಲೇ ಕೂರುತ್ತೆ, ಕೈಯಲ್ಲೇ ಬರುತ್ತೆ. ಬೆಳಗಾವಿಯವರಿಗೆ ಈ ವಿಷಯದಲ್ಲಿ ಅದೃಷ್ಟ. ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಮಾಪಕ), ಗ್ರೈಂಡಿಂಗ್, ಪ್ರೆಸ್, ಎಲ್ಲಾ ಒಂದೇ ಏರಿಯಾದಲ್ಲಿ ಸಿಗುತ್ತೆ.

ಹಲ್ಲುಗಳ ಆಟವನ್ನು, ಅಂದರೆ ಹಲ್ಲು-ಹಲ್ಲಿನ ನಡುವಿನ ಸಡಿಲವನ್ನು, ಡಯಲ್ ಗೇಜಿನಲ್ಲಿ 0.15ರಿಂದ 0.25 ಮಿ.ಮೀ. ಒಳಗೆ ಇಟ್ಟುಕೊಂಡೆ. ಆಮೇಲೆ ನಾಲ್ಕೈದು ಹಲ್ಲಿಗೆ ನೀಲಿ ಬಣ್ಣ ತೆಳ್ಳಗೆ ಸವರಿ, ಕ್ರೌನನ್ನು ಮರದ ತುಂಡಿನಿಂದ ಸ್ವಲ್ಪ ಒತ್ತಿ ಹಿಡಿದು ಪಿನಿಯನ್ ತಿರುಗಿಸಿದೆ. ಬಣ್ಣ ಸರಿದು ಹಲ್ಲಿನ ಮೇಲೆ ಒಂದು ಗುರುತು ಉಳಿಯುತ್ತೆ. ಪಿನಿಯನ್ ಜಾಸ್ತಿ ಒಳಗಿದ್ದರೆ ಗುರುತು ಹಲ್ಲಿನ ಬುಡಕ್ಕೆ ಇಳಿಯುತ್ತೆ, ಕಡಿಮೆ ಇದ್ದರೆ ತುದಿಗೆ ಏರುತ್ತೆ. ನಮಗೆ ಬೇಕಾದ್ದು ಬುಡ-ತುದಿ ಎರಡನ್ನೂ ಮುಟ್ಟದ, ಅಂಚು ಮೆತ್ತಗೆ ಕರಗಿದಂತಿರುವ ಉದ್ದ ಗುರುತು. ಒಂದು ಶಿಮ್ ತೆಗೆದು ಇನ್ನೊಂದು ಹಾಕಿದರೂ ಆಟ ಬದಲಾಗುತ್ತೆ, ಮತ್ತೆ ಕ್ಯಾರಿಯರ್ (ಕ್ರೌನ್ ಕೂತಿರುವ ಭಾಗ) ಪಕ್ಕದ ಶಿಮ್ ಸರಿಮಾಡಬೇಕು. ಬೇಸರದ ಕೆಲಸ, ನಿಜ. "ಓಡ್ತಾ ಓಡ್ತಾ ತಾನೇ ಸೆಟ್ ಆಗುತ್ತೆ" ಅನ್ನುವ ಮಾತಿಗೆ ಮಾತ್ರ ಕಿವಿಗೊಡಬೇಡಿ. ತಪ್ಪು ಗುರುತು ಓಡ್ತಾ ಸರಿಯಾಗಲ್ಲ, ಮೊದಲು ಕೂಗುತ್ತೆ, ಆಮೇಲೆ ಹಲ್ಲು ತಿನ್ನುತ್ತೆ. ಗುರುತು ಸರಿ ಬಂದ ಮೇಲೆಯೇ ನಿಜವಾದ ಕಪ್ ಪ್ರೆಸ್ ಮಾಡಿ, ಇನ್ನೊಮ್ಮೆ ಬಣ್ಣ ಸವರಿ ನೋಡಿ ಮುಚ್ಚಿದ್ದು.

ಹಾಕಿದ ಆಯಿಲ್ 80ಡಬ್ಲ್ಯೂ-90 ದಪ್ಪದ್ದು, ಜಿಎಲ್-5 ದರ್ಜೆಯದ್ದು. ಇದು ಆಕ್ಸಲ್ಲಿಗೆ ಮಾತ್ರ. ಗೇರ್‌ಬಾಕ್ಸಿಗೆ ಕೈಪಿಡಿ ಹೇಳಿದ್ದನ್ನೇ ಹಾಕಿ, ಕೆಲವು ಜಿಎಲ್-5 ಆಯಿಲ್‌ಗಳು ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೋ ರಿಂಗ್ ಕೆಡಿಸುತ್ತವೆ. ಮೊದಲ ಓಟ ಖಾಲಿ ಗಾಡಿಯಲ್ಲಿ 25 ಕಿ.ಮೀ., ನಂತರ ಪೂರ್ತಿ ತಣ್ಣಗಾಗಲು ಬಿಟ್ಟೆ. 800 ಕಿ.ಮೀ. ತನಕ ಟ್ರೇಲರ್ ಕಟ್ಟಲಿಲ್ಲ, ಆಮೇಲೆ ಆಯಿಲ್ ಬದಲಿಸಿದೆ. ಡ್ರೈನ್ ಪ್ಲಗ್ ಪಕ್ಕ ಅಯಸ್ಕಾಂತ ಹಿಡಿದರೆ ಬೂದು ಬಣ್ಣದ ನುಣುಪು ಪುಡಿ ಅಂಟಿತು, ಚೂರುಗಳಿರಲಿಲ್ಲ. ಹಾಗೇ ಇರಬೇಕು.

ಈಗ ಜಾಂಬೋಟಿ ದಾಟಿ ಚೋರ್ಲಾ ಘಾಟಿಗೆ ಹೋದರೆ ಏರಿನಲ್ಲಿ ಗೇರ್ ಹುಡುಕಾಟ ಇಲ್ಲ. ಇಳಿಜಾರಲ್ಲಿ ಸೆಕೆಂಡ್ ಗೇರೇ ಗಾಡಿಯ ವೇಗವನ್ನು ಹಿಡಿದಿಡುತ್ತೆ. ದೊಡ್ಡ ಟೈರ್ ಹಾಕಿದಾಗ ಕಮ್ಮಿ ತೋರಿಸುತ್ತಿದ್ದ ಸ್ಪೀಡೋಮೀಟರ್ ಕೂಡ ಬಹುತೇಕ ಸರಿಯಾಯಿತು, ಅದಕ್ಕೆ ಚಾಲನೆ ಸಿಗೋದು ಆಕ್ಸಲ್ಲಿಗಿಂತ ಮುಂಚೆ, ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ.

ಬ್ರೇಕ್ ಮಾತ್ರ ಬೇರೆ ವಿಷಯ. ದೊಡ್ಡ ಟೈರ್ ನಿಲ್ಲಿಸಲು ಡ್ರಮ್ಮಿಗೆ ಜಾಸ್ತಿ ಬಲ ಬೇಕು, ಕ್ರೌನ್ ಪಿನಿಯನ್ ಬದಲಿಸಿದ್ದರಿಂದ ಪೆಡಲ್ ಸುಧಾರಿಸಲ್ಲ. ಮುಂದಿನ ಗಾಲಿಗಳಿಗೆ ಡಿಸ್ಕ್ ಹಾಕಿಸಲು ಹಬ್‌ಗಳನ್ನು ಈಗ ಬಿಚ್ಚಿಟ್ಟಿದ್ದೇನೆ.