ಟೋನ್ ರಿಮೋಟ್: ಮಾತಿನ ನಡುವೆ ಪಿಟಿಟಿ ಬಿದ್ದುಹೋಗುತ್ತಿದ್ದರೆ

ದೂರದ ಕನ್ಸೋಲ್‌ನಿಂದ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದರೆ ರೇಡಿಯೊ ಬೇಸ್ ಸ್ಟೇಷನ್ ಟ್ರಾನ್ಸ್‌ಮಿಟ್ ಆಗುತ್ತಿತ್ತು, ಆದರೆ ಒಂದೆರಡು ಪದಕ್ಕೇ ನಿಂತುಬಿಡುತ್ತಿತ್ತು. ಲೋಕಲ್ ಮೈಕ್‌ನಲ್ಲಿ ಸರಾಗ. ಅಂದರೆ ರೇಡಿಯೊದಲ್ಲಿ ದೋಷವಿಲ್ಲ.

ಟೋನ್ ರಿಮೋಟ್ ಅಂದರೆ ಧ್ವನಿ ಹೋಗುವ ಲೈನಿನಲ್ಲೇ ಟೋನ್ ಕಳಿಸಿ ದೂರದ ರೇಡಿಯೊವನ್ನು ನಿಯಂತ್ರಿಸುವುದು. ಅದರಲ್ಲಿ ಮೊದಲು 2175 ಹರ್ಟ್ಸ್ ಗಾರ್ಡ್ ಟೋನ್ (ಆದೇಶ ಬರುತ್ತಿದೆ ಎಂಬ ಎಚ್ಚರಿಕೆ) ಸುಮಾರು 120 ಮಿಲಿಸೆಕೆಂಡ್, ಬೆನ್ನಿಗೇ 1950 ಹರ್ಟ್ಸ್ ಫಂಕ್ಷನ್ ಟೋನ್ (ಟ್ರಾನ್ಸ್‌ಮಿಟ್ ಮಾಡು ಎಂಬ ಆದೇಶ) 40 ಮಿಲಿಸೆಕೆಂಡ್ ಹೋಗುತ್ತದೆ. ಆಮೇಲೆ ಮಾತಾಡುವಷ್ಟು ಹೊತ್ತೂ ಅದೇ 2175, ಮೊದಲಿಗಿಂತ 30 ಡಿಬಿ ತಗ್ಗಿದ ಮಟ್ಟದಲ್ಲಿ, ಧ್ವನಿಯ ಅಡಿಯಲ್ಲಿ ಓಡುತ್ತಿರಬೇಕು. ಅದು ಕಳೆದರೆ ಟ್ರಾನ್ಸ್‌ಮಿಟರ್ ಆಫ್. ಇಲ್ಲಿ ಅದನ್ನು ನುಂಗುತ್ತಿದ್ದದ್ದು ಲೈನಿನ ಧ್ವನಿಯನ್ನು ನೆಟ್‌ವರ್ಕ್ ಮೇಲೆ ಸಾಗಿಸುವ ಐಪಿ ಗೇಟ್‌ವೇಯ ಜಿ.729 ಕೋಡೆಕ್. ಅದು ಮಾತಿಗೆ ಹೊಂದುವಂತೆ ಧ್ವನಿಯನ್ನು ಕುಗ್ಗಿಸುತ್ತದೆ, ಟೋನ್ ಕೆಡುತ್ತದೆ.

ಹಾಗೆ ಕುಗ್ಗಿಸದ ಜಿ.711ಕ್ಕೆ ಬದಲಿಸಿ, ಸೈಲೆನ್ಸ್ ಸಪ್ರೆಶನ್ (ಮಾತಿಲ್ಲದಾಗ ಕಳಿಸುವುದನ್ನು ನಿಲ್ಲಿಸುವುದು), ಎಕೋ ಕ್ಯಾನ್ಸಲರ್ (ಪ್ರತಿಧ್ವನಿ ಅಳಿಸುವುದು) ಎರಡನ್ನೂ ಆಫ್ ಮಾಡಿದ ಮೇಲೆ ಸರಿಹೋಯಿತು. ಲೈನಿನಲ್ಲಿ ಹೆಚ್ಚುವರಿಯಾಗಿ ಬಿದ್ದಿದ್ದ 600 ಓಮ್ ಟರ್ಮಿನೇಷನ್ (ಲೈನಿನ ಕೊನೆಗೆ ಹಾಕುವ ರೆಸಿಸ್ಟರ್) ಕೂಡ ತೆಗೆದೆ. ಅದು ಸುಮ್ಮನೆ ಸಿಗ್ನಲ್‌ನ 3.5 ಡಿಬಿ ತಿನ್ನುತ್ತಿತ್ತು. ಬೇಸ್‌ನಲ್ಲಿ ಫೋರ್-ವೈರ್ ಇ ಆಂಡ್ ಎಂ ಪೋರ್ಟ್ (ಧ್ವನಿಗೂ ಸಂಕೇತಕ್ಕೂ ಬೇರೆ ತಂತಿಗಳಿರುವ ಜೋಡಣೆ) ಇದ್ದರೆ ಈ ಟೋನ್ ರಗಳೆಯೇ ಬೇಡ, ಪಿಟಿಟಿ ತನ್ನದೇ ತಂತಿಯಲ್ಲಿ ಹೋಗುತ್ತದೆ.