ಎಸ್‌ಎಸ್‌ಡಿ ಕ್ಯಾಶ್‌ನಿಂದ ವೇಗ ಪಡೆದ ಹಳೆಯ ಕಂಪ್ಯೂಟರ್: ನನ್ನ ಅನುಭವ

ಇಂಟೆಲ್‌ನ ಝಡ್68 ಚಿಪ್‌ಸೆಟ್ (ಮದರ್‌ಬೋರ್ಡಿನ ಭಾಗಗಳನ್ನು ಬೆಸೆಯುವ ಚಿಪ್) ಇರುವ ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್ 10 ತೆರೆದುಕೊಂಡ ಮೇಲೂ ಟಾಸ್ಕ್ ಮ್ಯಾನೇಜರ್ ಬಹಳ ಹೊತ್ತು ಡಿಸ್ಕ್ ಬಳಕೆ ಶೇ. 100 ಎಂದೇ ತೋರಿಸುತ್ತಿತ್ತು, ಆದರೆ ಪ್ರೊಸೆಸರ್ ಬಹುಪಾಲು ಬಿಡುವಾಗಿರುತ್ತಿತ್ತು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ಬೇಕಾದ ಮಾಹಿತಿ ಎದುರಿಗೆ ಬರುವುದಕ್ಕೇ ಸರಾಸರಿ 4 ಮಿಲಿಸೆಕೆಂಡಿಗೂ ಹೆಚ್ಚು ಸಮಯ ಹಿಡಿಯುವುದರಿಂದ, ಚದುರಿದ ಸಾವಿರಾರು ಸಣ್ಣ ಫೈಲುಗಳನ್ನು ಓದುವಾಗ ಈ ಕಾಯುವಿಕೆ ಬೆಳೆಯುತ್ತಲೇ ಹೋಗುತ್ತದೆ.

ಡಿಸ್ಕನ್ನೇ ಬದಲಿಸದೆ, ಬಳಿಯಲ್ಲಿದ್ದ 60 ಜಿಬಿ ಎಸ್‌ಎಸ್‌ಡಿಯನ್ನು (ತಿರುಗುವ ಭಾಗಗಳಿಲ್ಲದ ವೇಗದ ಡ್ರೈವ್) ಇಂಟೆಲ್ 2011ರಲ್ಲಿ ಇದೇ ಚಿಪ್‌ಸೆಟ್‌ನೊಂದಿಗೆ ತಂದ ಸ್ಮಾರ್ಟ್ ರೆಸ್ಪಾನ್ಸ್ ಸೌಲಭ್ಯದ ಮೂಲಕ ಕ್ಯಾಶ್ ಆಗಿ, ಅಂದರೆ ಪದೇ ಪದೇ ಬೇಕಾಗುವ ಮಾಹಿತಿಯ ಪ್ರತಿಯನ್ನು ಇಟ್ಟುಕೊಳ್ಳುವ ವೇಗದ ತಾಣವಾಗಿ, ಜೋಡಿಸಿದೆ. ಈ ವ್ಯವಸ್ಥೆ ಕ್ಯಾಶ್‌ಗೆ ಗರಿಷ್ಠ 64 ಜಿಬಿ ಮಾತ್ರ ಬಳಸುವುದರಿಂದ ದೊಡ್ಡ ಎಸ್‌ಎಸ್‌ಡಿ ಅಗತ್ಯವಿಲ್ಲ.

ನಿಜವಾದ ತೊಡಕು ಬಯಾಸ್‌ನಲ್ಲಿತ್ತು (ವಿಂಡೋಸ್‌ಗೂ ಮೊದಲು ಚಾಲೂ ಆಗುವ, ಯಂತ್ರದ ಮೂಲ ಸೆಟ್ಟಿಂಗ್‌ಗಳ ತಂತ್ರಾಂಶ). ಈ ಸೌಲಭ್ಯಕ್ಕೆ ಬೇಕಾದಂತೆ, ಡಿಸ್ಕ್‌ಗಳೊಂದಿಗೆ ವ್ಯವಹರಿಸುವ ರೀತಿಯನ್ನು ನಿರ್ಧರಿಸುವ ಸಾಟಾ ಮೋಡ್ ಅನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನದಿಂದ, ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಬಲ್ಲ ರೇಡ್‌ಗೆ ಬದಲಿಸಿದೊಡನೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಟ್ಟಿತು. ಮೋಡನ್ನು ಮೊದಲಿನಂತೆ ಮಾಡಿ, ಸೇಫ್ ಮೋಡ್‌ನಲ್ಲಿ (ಅತ್ಯಗತ್ಯ ಭಾಗಗಳಷ್ಟೇ ಚಾಲೂ ಆಗುವ ಸ್ಥಿತಿ) ತೆರೆಯುವಂತೆ ವಿಂಡೋಸ್‌ನಲ್ಲಿ ನಿಗದಿಪಡಿಸಿ, ಮರುಚಾಲನೆಯ ವೇಳೆಯಲ್ಲಿ ರೇಡ್ ಆಯ್ದುಕೊಂಡಾಗ, ವಿಂಡೋಸ್ ತಕ್ಕ ಡ್ರೈವರನ್ನು (ಯಂತ್ರಭಾಗವನ್ನು ನಡೆಸುವ ತಂತ್ರಾಂಶ) ತಾನೇ ಹೊಂದಿಸಿಕೊಂಡಿತು. ಬಳಿಕ ಸೇಫ್ ಮೋಡ್ ತೆಗೆದು, ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ತಂತ್ರಾಂಶದಲ್ಲಿ ವೇಗವರ್ಧನೆಯನ್ನು ಚಾಲೂ ಮಾಡಿದೆ.

ಅಲ್ಲಿ ಕಾಣುವ ಎರಡು ಆಯ್ಕೆಗಳಲ್ಲಿ ‘ಎನ್‌ಹ್ಯಾನ್ಸ್ಡ್’ ವಿಧಾನವು ಬರೆಯುವ ಮಾಹಿತಿಯನ್ನು ಎರಡೂ ಡಿಸ್ಕ್‌ಗಳಿಗೆ ಒಟ್ಟಿಗೇ ಕಳುಹಿಸುತ್ತದೆ. ‘ಮ್ಯಾಕ್ಸಿಮೈಸ್ಡ್’ ವಿಧಾನವು ಮೊದಲು ಎಸ್‌ಎಸ್‌ಡಿಗೆ ಬರೆದು ಹಾರ್ಡ್‌ಡಿಸ್ಕ್‌ಗೆ ನಂತರ ದಾಟಿಸುವುದರಿಂದ, ನಡುವೆ ಎಸ್‌ಎಸ್‌ಡಿ ಕೆಟ್ಟರೆ ಮಾಹಿತಿ ಹೋಗಬಹುದು. ನನಗೆ ಮನೆಯವರ ಫೋಟೊಗಳು ಮುಖ್ಯವಾದ್ದರಿಂದ ಮೊದಲನೆಯದನ್ನೇ ಆರಿಸಿದೆ.

ಮೊದಲ ಸಲ ತೆರೆಯುವಾಗ ವ್ಯತ್ಯಾಸ ಕಾಣುವುದಿಲ್ಲ. ಪದೇ ಪದೇ ಬಳಸುವ ಫೈಲುಗಳು ಕ್ಯಾಶ್ ಸೇರಿದ ಮೇಲೆ ವಿಂಡೋಸ್ ಮತ್ತು ಬ್ರೌಸರ್ ಸ್ಪಷ್ಟವಾಗಿ ಬೇಗ ತೆರೆದುಕೊಂಡವು. ದೊಡ್ಡ ವಿಡಿಯೊಗಳನ್ನು ನಕಲಿಸುವ ಕೆಲಸ ಮಾತ್ರ ಹಿಂದಿನ ವೇಗದಲ್ಲೇ ಇದೆ.