ಡೋಲಿಯಲ್ಲಿ ಕುಳಿತ ದಂಡನಾಯಕನ ಬಗ್ಗೆ ಬರೆದ ಅನುಭವ

ಯುರೋಪಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಹೋರಾಡಿದ ಲೆನ್ನಾರ್ಟ್ ಟೋರ್ಸ್ಟೆನ್ಸನ್‌ನ ಸೇನಾ ಜೀವನವನ್ನು ಕುರಿತು ನಾನು ಬರೆದ ಮೊದಲ ಕರಡಿನಲ್ಲಿ ಈ ಸ್ವೀಡಿಷ್ ದಂಡನಾಯಕ ಒಂದೇ ಯುದ್ಧವನ್ನು ಎರಡು ಸಲ ಗೆದ್ದಿದ್ದ. ಇಂದಿನ ಚೆಕ್ ನಾಡಿನ ಬೊಹೀಮಿಯಾದ ಯಾಂಕೊವ್ ಕಾಳಗವನ್ನು ಒಂದು ಪುಟದಲ್ಲಿ 1645ರ ಫೆಬ್ರವರಿ 24 ಎಂದೂ ಮೂರು ಪುಟಗಳ ನಂತರ ಮಾರ್ಚ್ 6 ಎಂದೂ ಬರೆದಿದ್ದೆ. ಕರಡು ಓದಿಕೊಟ್ಟ ಗೆಳೆಯರು ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಇದು ಬೇರೆ ಯುದ್ಧವೇ?’ ಎಂದು ಕೇಳಿದ್ದರು. ಸ್ವೀಡನ್ ಆಗ ಜೂಲಿಯನ್ ಕ್ಯಾಲೆಂಡರನ್ನು ಅನುಸರಿಸುತ್ತಿತ್ತು, ಅದರ ಎದುರಾಳಿಯಾದ ಪವಿತ್ರ ರೋಮನ್ ಚಕ್ರವರ್ತಿಯ ಕಡೆಯವರು ಗ್ರೆಗೋರಿಯನ್ ಕ್ಯಾಲೆಂಡರನ್ನು. ಹದಿನೇಳನೆಯ ಶತಮಾನದಲ್ಲಿ ಇವೆರಡರ ನಡುವೆ ಹತ್ತು ದಿನಗಳ ಅಂತರವಿತ್ತು. ಇದು ತಿಳಿದ ಮೇಲೆ ಹೆದರಿ, ಲೈಪ್‌ಜಿಗ್ ಬಳಿಯ ಬ್ರೈಟನ್‌ಫೆಲ್ಡ್‌ನ ಎರಡು ಯುದ್ಧಗಳನ್ನೂ ಒಂದಾಗಿಸಲು ಹೊರಟಿದ್ದೆ. ಪುಣ್ಯಕ್ಕೆ ಇಸವಿ ನೋಡಿದೆ: ಅಲ್ಲಿ 1631ರಲ್ಲಿ ಒಮ್ಮೆ, 1642ರಲ್ಲಿ ಇನ್ನೊಮ್ಮೆ, ನಿಜವಾಗಿಯೂ ಎರಡು ಸಲ ಯುದ್ಧ ನಡೆದಿದೆ. ಅಂದಿನಿಂದ ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಪ್ರತಿ ಘಟನೆಗೂ ಎರಡು ಕಾಲಮು ಎಳೆದು, ಎರಡೂ ತಾರೀಖು ಬರೆದುಕೊಂಡ ಮೇಲೆಯೇ ವಾಕ್ಯಕ್ಕೆ ಕೈಹಾಕುತ್ತಿದ್ದೆ.

ತಾರೀಖಿಗಿಂತ ಪದಗಳು ಹೆಚ್ಚು ಕಾಡಿದವು. ಫೀಲ್ಡ್ ಮಾರ್ಷಲ್ ಎಂಬುದಕ್ಕೆ ಮೊದಲು ‘ದಳವಾಯಿ’ ಎಂದು ಬರೆದೆ, ಕಿವಿಗೆ ಚೆನ್ನಾಗಿಯೇ ಇತ್ತು. ಆದರೆ ಮೈಸೂರಿನ ದಳವಾಯಿಗಳು ಅರಸರನ್ನೇ ಮೂಲೆಗೆ ಸರಿಸಿ ರಾಜ್ಯವಾಳಿದ ನೆನಪು ಕನ್ನಡದ ಓದುಗನಿಗಿರುತ್ತದೆ. ಸ್ಟಾಕ್‌ಹೋಮ್‌ನ ಆದೇಶಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದವನಿಗೆ ಆ ಹೆಸರು ಹೊಂದದು. ಹುದ್ದೆಯನ್ನು ಫೀಲ್ಡ್ ಮಾರ್ಷಲ್ ಎಂದೇ ಉಳಿಸಿಕೊಂಡು, ಸಾಮಾನ್ಯವಾಗಿ ಹೇಳುವಲ್ಲಿ ‘ದಂಡನಾಯಕ’ ಎಂದೆ.

ಅವನ ಕಾಯಿಲೆಯ ವಿಷಯದಲ್ಲಿಯೂ ಹೀಗೆಯೇ ಆಯಿತು. 1632ರಲ್ಲಿ ನ್ಯೂರೆಂಬರ್ಗ್ ಬಳಿಯ ಆಲ್ಟೆ ವೆಸ್ಟೆಯಲ್ಲಿ ಸೆರೆಸಿಕ್ಕಿದ ಟೋರ್ಸ್ಟೆನ್ಸನ್ ಸುಮಾರು ಒಂದು ವರ್ಷ ಇಂಗೋಲ್‌ಸ್ಟಾಟ್‌ನಲ್ಲಿ ಬಂದಿಯಾಗಿದ್ದ. ಆರೋಗ್ಯ ಕೆಟ್ಟದ್ದು ಅಲ್ಲಿಯೇ ಎಂದು ಹೇಳುತ್ತಾರೆ. ಮುಂದೆ ಅವನನ್ನು ಹಿಂಡಿದ್ದು ಗೌಟ್. ಅದನ್ನು ‘ಸಂಧಿವಾತ’ ಎಂದು ಬರೆದಾಗ, ವೈದ್ಯರಾದ ಪರಿಚಿತರೊಬ್ಬರು ಆಯುರ್ವೇದದಲ್ಲಿ ಇದಕ್ಕೆ ‘ವಾತರಕ್ತ’ ಎಂಬ ಬೇರೆ ಹೆಸರೇ ಇದೆ ಎಂದು ತಿದ್ದಿದರು. ಕುದುರೆಯೇರಲಾಗದ ದಿನಗಳಲ್ಲಿ ಅವನನ್ನು ಹೊತ್ತೊಯ್ದ ಸಾಧನವನ್ನು ‘ಪಲ್ಲಕ್ಕಿ’ ಎಂದದ್ದು ಮತ್ತೊಂದು ಎಡವಟ್ಟು. ಪಲ್ಲಕ್ಕಿ ಎಂದರೆ ನಮ್ಮ ಕಣ್ಣಿಗೆ ಉತ್ಸವ ಬರುತ್ತದೆ, ನೋವಲ್ಲ. ‘ಡೋಲಿ’ ಎಂದು ಬದಲಿಸಿದ ಮೇಲೆ ಇಡೀ ಬರಹದ ದಿಕ್ಕು ತಿರುಗಿತು. ಅದುವರೆಗೆ ಗೆಲುವುಗಳನ್ನು ಒಂದರ ಕೆಳಗೊಂದು ಜೋಡಿಸುತ್ತಿದ್ದ ನನಗೆ, ನಡೆಯಲಾಗದ ಈ ಮನುಷ್ಯ ಆ ಕಾಲದಲ್ಲಿ ಯಾರೂ ನಿರೀಕ್ಷಿಸದಷ್ಟು ವೇಗವಾಗಿ ಸೈನ್ಯವನ್ನು ನಡೆಸಿದ್ದು ಹೇಗೆ ಎಂಬುದೇ ಬರೆಯಬೇಕಾದ ವಿಷಯವೆಂದು ತೋರಿತು.

ಉತ್ತರದ ಒಂದು ಭಾಗ ಫಿರಂಗಿಗಳಲ್ಲಿದೆ. 1603ರಲ್ಲಿ ಫೋರ್ಸ್ಟೆನಾದಲ್ಲಿ ಹುಟ್ಟಿ, ಹದಿನೈದರ ಸುಮಾರಿಗೆ ದೊರೆ ಗುಸ್ಟಾವಸ್ ಅಡಾಲ್ಫಸ್‌ನ ಊಳಿಗಕ್ಕೆ ಸೇರಿದ ಟೋರ್ಸ್ಟೆನ್ಸನ್ ಬೆಳೆದದ್ದು ತೋಪಖಾನೆಯಲ್ಲಿ. ಮೂರು ಪೌಂಡಿನ ಗುಂಡು ಹಾರಿಸುವ ಹಗುರ ಫಿರಂಗಿಯನ್ನು ಒಂದು ಕುದುರೆ, ಇಲ್ಲವೇ ಕೆಲವೇ ಆಳುಗಳು ಎಳೆಯಬಹುದಾಗಿತ್ತು. ಭಾರವಾದ ತೋಪುಗಳು ಇಟ್ಟಲ್ಲಿಯೇ ಉಳಿಯುವಾಗ ಇವು ಕಾಲಾಳುಗಳ ಜೊತೆಗೆ ಮುಂದೆ ಸರಿಯುತ್ತಿದ್ದವು. 1631ರ ಬ್ರೈಟನ್‌ಫೆಲ್ಡ್‌ನಲ್ಲಿ ಸ್ವೀಡಿಷ್ ತೋಪಖಾನೆಯ ಮುಖ್ಯಸ್ಥ ಅವನೇ.

ಉಳಿದ ಭಾಗಕ್ಕೆ ನಕ್ಷೆ ಬೇಕಾಯಿತು. 1641ರಲ್ಲಿ ಸ್ವೀಡಿಷ್ ದಂಡನಾಯಕ ಬಾನೆರ್ ತೀರಿಕೊಂಡ ಮೇಲೆ ಜರ್ಮನಿಯಲ್ಲಿದ್ದ ಸೇನೆಯ ಹೊಣೆ ಇವನ ಪಾಲಿಗೆ ಬಂತು. ಮರುವರ್ಷವೇ ಬೊಹೀಮಿಯಾಕ್ಕೆ ತಾಗಿದ ಮೊರಾವಿಯಾದ ಓಲೊಮೌಟ್ಸ್ ಪಟ್ಟಣ ಅವನ ಕೈಸೇರಿತು, ಅದೇ ಶರತ್ಕಾಲದಲ್ಲಿ ಎರಡನೆಯ ಬ್ರೈಟನ್‌ಫೆಲ್ಡ್ ಗೆಲುವೂ ದಕ್ಕಿತು. 1643ರಲ್ಲಿ ಡೆನ್ಮಾರ್ಕ್ ಮೇಲೆ ಏರಿಹೋಗಬೇಕೆಂಬ ಗುಟ್ಟಿನ ಆದೇಶ ಬಂದಾಗ ಅವನಿದ್ದದ್ದು ಮೊರಾವಿಯಾದಲ್ಲಿ. ಅಲ್ಲಿಂದ ಡೆನ್ಮಾರ್ಕ್‌ನ ದಕ್ಷಿಣದ ಬಾಗಿಲಾಗಿದ್ದ ಹೋಲ್‌ಸ್ಟೈನ್‌ಗೆ ನಕ್ಷೆಯ ಮೇಲೆ ಹೊಲಿಗೆಯ ದಾರವಿಟ್ಟು ಅಳೆದೆ. ನೇರ ಗೆರೆಯಲ್ಲಿಯೇ ಆರುನೂರು ಕಿಲೋಮೀಟರ್ ದಾಟಿತು. ಯುದ್ಧ ಘೋಷಣೆಯಿಲ್ಲದೆ ಡಿಸೆಂಬರಿನಲ್ಲಿ ಗಡಿ ದಾಟಿದ ಅವನು ಮುಂದಿನ ಜನವರಿ ಮುಗಿಯುವಷ್ಟರಲ್ಲಿ ಡೆನ್ಮಾರ್ಕ್‌ನ ಪರ್ಯಾಯದ್ವೀಪವಾದ ಜಟ್‌ಲಂಡನ್ನು ಹಿಡಿದಿದ್ದ. ಇದನ್ನು ಮೆಚ್ಚಿ ಬರೆದ ವಾಕ್ಯಗಳನ್ನು ಆಮೇಲೆ ಅರ್ಧಕ್ಕೆ ಇಳಿಸಿದೆ, ಏಕೆಂದರೆ ಚಳಿಗಾಲದಲ್ಲಿ ಅಷ್ಟು ಜನ ಉಂಡದ್ದು ದಾರಿಯ ಹಳ್ಳಿಗಳ ಕಣಜದಿಂದ.

ಯಾಂಕೊವ್ ಭಾಗವನ್ನು ನಾಲ್ಕು ಬಾರಿ ಬರೆದೆ. ಎರಡೂ ಕಡೆ ಸುಮಾರು 16 ಸಾವಿರ ಸೈನಿಕರು. ಫಿರಂಗಿಗಳು ಮಾತ್ರ ಸ್ವೀಡನ್ನರ ಕಡೆ 60, ಎದುರಿಗೆ 26. ಗುಡ್ಡ, ಕಾಡು, ಕೊರಕಲುಗಳ ನೆಲದಲ್ಲಿ ಚಕ್ರವರ್ತಿಯ ಕಡೆಯ ನಾಯಕ ಗೋಟ್ಸೆನ್‌ನ ದಳ ಇಕ್ಕಟ್ಟಿಗೆ ಸಿಕ್ಕಾಗ ಸ್ವೀಡನ್ನರು ಫಿರಂಗಿಗಳನ್ನು ದಿಬ್ಬಕ್ಕೆ ಏರಿಸಿದ್ದರು. ಗೋಟ್ಸೆನ್ ಸತ್ತ, ಸೇನಾಪತಿ ಹಾಟ್ಸ್‌ಫೆಲ್ಟ್ ಸೆರೆಯಾದ. ಮೂರು ಕರಡುಗಳಲ್ಲಿ ‘ವೀರಾವೇಶ’ ಎಂಬ ಪದವಿತ್ತು. ನಾಲ್ಕನೆಯದರಲ್ಲಿ ಅದನ್ನು ತೆಗೆದು, ಯಾವ ದಿಬ್ಬ ಯಾರ ವಶದಲ್ಲಿತ್ತು ಎಂಬುದನ್ನಷ್ಟೇ ಹೇಳಿದೆ.

ಅದೇ ವರ್ಷ ಮೊರಾವಿಯಾದ ಬ್ರನೊ ಪಟ್ಟಣದ ಮುಂದೆ ಅವನ ಓಟ ನಿಂತಿತು. ಮೊದಲ ಕರಡಿನಲ್ಲಿ ಇದಕ್ಕೆ ಎರಡೇ ಸಾಲು ಕೊಟ್ಟಿದ್ದೆ, ಕೊನೆಗೆ ಎರಡು ಪುಟವಾಯಿತು. ಹಿಂದೆ ಸ್ವೀಡನ್ನಿನ ಕೈಕೆಳಗೇ ದುಡಿದಿದ್ದ, ಈಗ ಚಕ್ರವರ್ತಿಯ ಕಡೆಯಿಂದ ಊರು ಕಾಯುತ್ತಿದ್ದ ಡಿ ಸೂಶ್ ಸಣ್ಣ ಕಾವಲುಪಡೆಯೊಂದಿಗೆ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಊರನ್ನು ಬಿಟ್ಟುಕೊಡಲಿಲ್ಲ. ನಡುಹಗಲ ಗಂಟೆ ಬಾರಿಸುವುದರೊಳಗೆ ಊರು ಬೀಳದಿದ್ದರೆ ಮರಳುವೆನೆಂದು ಟೋರ್ಸ್ಟೆನ್ಸನ್ ಹೇಳಿದ್ದ, ಅದು ತಿಳಿದು ಊರಿನವರು ಹನ್ನೊಂದಕ್ಕೇ ಗಂಟೆ ಬಾರಿಸಿಬಿಟ್ಟರು ಎಂಬ ಐತಿಹ್ಯವಿದೆ. ಅಲ್ಲಿಯ ಕೆಥೆಡ್ರಲ್‌ನಲ್ಲಿ ಇಂದಿಗೂ ನಡುಹಗಲ ಗಂಟೆ ಮೊಳಗುವುದು ಹನ್ನೊಂದಕ್ಕೇ. ಕತೆಯನ್ನು ಕತೆಯೆಂದೇ ಹೇಳಿ ಸೇರಿಸಿಕೊಂಡೆ. ಸಾಂಕ್ರಾಮಿಕ ರೋಗ ಮುತ್ತಿಗೆ ಹಾಕಿದವರನ್ನು ಸೊರಗಿಸಿದ್ದನ್ನೂ ಅದರ ಪಕ್ಕದಲ್ಲೇ ಇಟ್ಟೆ.

ಆಮೇಲೆ ಹೇಳುವುದು ಕಡಿಮೆ. ಗೌಟ್ ಬಿಡಲಿಲ್ಲ, ಸೇನೆ ಮತ್ತೊಬ್ಬ ಸ್ವೀಡಿಷ್ ದಂಡನಾಯಕ ರಾಂಗೆಲ್‌ನ ಕೈಗೆ ಹೋಯಿತು, 1647ರಲ್ಲಿ ಕೌಂಟ್ ಪದವಿ ಸಿಕ್ಕಿತು. ರಿಜಿಸ್ಟರಿನ ಕೊನೆಯ ಸಾಲಿನಲ್ಲಿ ಸ್ಟಾಕ್‌ಹೋಮ್, 1651ರ ಏಪ್ರಿಲ್ 7, ಮರಣ ಎಂದು ಬರೆದು, ಪಕ್ಕದ ಕಾಲಮಿನಲ್ಲಿ 17 ಎಂದು ತುಂಬಿದೆ.